ಸರ್ವರ್ ಲಿನಕ್ಸ್, ಕೌಂಟರ್‌ನಲ್ಲಿ ವಿಂಡೋಸ್: ಅಂಗಡಿ ಫೈಲ್‌ಗಳನ್ನು ಹಂಚಿಕೊಳ್ಳೋದು ಹೇಗೆ?

ಯಡಿಯೂರು: ಕೆರೆ ಸುತ್ತಲಿನ ಬೀದಿಗಳಲ್ಲಿ, ಕನಕಪುರ ರಸ್ತೆ ಕಡೆಯ ಮನೆಗಳ ಮೊದಲ ಮಹಡಿಯಲ್ಲಿ ಆಡಿಟರ್ ಕಚೇರಿ, ಕ್ಲಿನಿಕ್, ಡಿಟಿಪಿ ಅಂಗಡಿ, ಸಗಟು ವ್ಯಾಪಾರದ ಸಣ್ಣ ಆಫೀಸುಗಳಿವೆ. ಇಂಥ ಜಾಗದಲ್ಲಿ ಮೂರು ನಾಲ್ಕು ಕಂಪ್ಯೂಟರ್ ಇದ್ದರೆ ಒಂದು ತಾಪತ್ರಯ ಗ್ಯಾರಂಟಿ. ಬಿಲ್ ಒಂದರಲ್ಲಿ, ಸ್ಟಾಕ್ ಪಟ್ಟಿ ಇನ್ನೊಂದರಲ್ಲಿ, ಗಿರಾಕಿಯ ಪ್ರೂಫ್ ಯಾರದೋ ಪೆನ್‌ಡ್ರೈವ್‌ನಲ್ಲಿ. ಯಾವುದು ಹೊಸದು, ಯಾವುದು ಹಳೇದು ಅಂತ ಹುಡುಕೋದ್ರಲ್ಲೇ ಅರ್ಧ ದಿನ ಹೋಗುತ್ತೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಇದಕ್ಕೆ ಇನ್ನೊಂದು ಸಂಗತಿ ಸೇರಿಕೊಂಡಿದೆ. ವಿಂಡೋಸ್ 11 ಹಾಕಲು ಆಗದ ಹಳೆಯ ಯಂತ್ರಗಳು ಮೂಲೆ ಸೇರುತ್ತಿವೆ. ಅದೇ ಯಂತ್ರಕ್ಕೆ ಲಿನಕ್ಸ್ ಹಾಕಿ, ಎಲ್ಲ ಫೈಲ್‌ಗಳನ್ನೂ ಅದರಲ್ಲಿಟ್ಟು, ಕೌಂಟರ್‌ನ ವಿಂಡೋಸ್ ಕಂಪ್ಯೂಟರ್‌ಗಳಿಂದ ತೆರೆಯಬಹುದು. 4 ಜಿಬಿ ರ‍್ಯಾಮ್ ಇದ್ದರೂ ನಡೆಯುತ್ತೆ. ಹಾರ್ಡ್ ಡಿಸ್ಕ್ ಮಾತ್ರ ಹೊಸದಿರಬೇಕು. ಎಸ್‌.ಪಿ. ರಸ್ತೆಗೆ ಹೋಗಿ ಡಿಸ್ಕ್ ತರುವ ಖರ್ಚು ಉಳಿಸಿದವರು ಆಮೇಲೆ ಅದಕ್ಕಿಂತ ಹೆಚ್ಚು ಕಳೆದುಕೊಂಡಾರು.

ನಡುವಿನ ದುಭಾಷಿ ಸಾಂಬಾ

ವಿಂಡೋಸ್ ಯಂತ್ರಗಳು ನೆಟ್‌ವರ್ಕ್‌ನಲ್ಲಿ ಫೈಲ್ ಕೇಳಲು ಬಳಸುವ ಭಾಷೆಯ ಹೆಸರು ಎಸ್‌ಎಂಬಿ. ಯುನಿಕ್ಸ್ ಬಳಗದ ಯಂತ್ರಗಳು ತಮ್ಮತಮ್ಮಲ್ಲಿ ಎನ್‌ಎಫ್‌ಎಸ್ ಬಳಸುವುದು ರೂಢಿ. ವಿಂಡೋಸ್‌ನ ಹೋಮ್ ಆವೃತ್ತಿಗೆ ಅದು ಬರಲ್ಲ. ಹಾಗಾಗಿ ಸರ್ವರ್ ಕಡೆಯೇ ವಿಂಡೋಸ್ ಭಾಷೆ ಕಲಿಯಬೇಕು. ಆ ಕೆಲಸ ಮಾಡುವ ಉಚಿತ ತಂತ್ರಾಂಶವೇ ಸಾಂಬಾ.

ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಡ್ಜೆಲ್ ಇದನ್ನು ಶುರು ಮಾಡಿದ್ದು 1991ರ ಕೊನೆಯಲ್ಲಿ. ಎರಡು ಯಂತ್ರಗಳು ತಂತಿಯ ಮೇಲೆ ಏನು ಮಾತಾಡಿಕೊಳ್ಳುತ್ತವೆ ಅಂತ ಕದ್ದು ಕೇಳಿಯೇ ಅವರು ಭಾಷೆ ಕಲಿತದ್ದು. ಎಸ್, ಎಂ, ಬಿ ಅಕ್ಷರಗಳು ಅದೇ ಕ್ರಮದಲ್ಲಿ ಬರುವ ಪದವನ್ನು ನಿಘಂಟಿನಲ್ಲಿ ಹುಡುಕಿದಾಗ ಸಿಕ್ಕ ಹೆಸರು ಸಾಂಬಾ. ಯುರೋಪಿನ ಸ್ಪರ್ಧಾ ಪ್ರಕರಣದ ನಂತರ, 2007ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಅಧಿಕೃತ ದಾಖಲೆಗಳು ಈ ತಂಡಕ್ಕೆ ಸಿಕ್ಕವು. ಅಂಗಡಿಗಳಲ್ಲಿ ಮಾರುವ ನ್ಯಾಸ್ ಪೆಟ್ಟಿಗೆಗಳ ಒಳಗೂ ಸಾಮಾನ್ಯವಾಗಿ ಇರುವುದು ಲಿನಕ್ಸ್ ಮತ್ತು ಸಾಂಬಾನೇ.

ವಿಂಡೋಸ್ ಕಂಪ್ಯೂಟರನ್ನೇ ಸರ್ವರ್ ಮಾಡಬಾರದೇ? ಮಾಡಬಹುದು. ಸಾಮಾನ್ಯ ವಿಂಡೋಸ್ 10 ಅಥವಾ 11 ಒಂದೇ ಸಲಕ್ಕೆ 20 ಸಂಪರ್ಕಗಳವರೆಗೆ ಬಿಡುತ್ತೆ, ಸಣ್ಣ ಅಂಗಡಿಗೆ ಅಷ್ಟು ಸಾಕು. ಆದರೆ ಬೆಂಬಲ ಮುಗಿದ ಹಳೇ ಯಂತ್ರವನ್ನು ಎಲ್ಲರ ಲೆಕ್ಕಪತ್ರದ ಕಾವಲಿಗೆ ಕೂರಿಸೋದು ಸರಿಯಲ್ಲ.

ಜೋಡಿಸುವ ಬಗೆ

ಮೊದಲು ಸರ್ವರ್‌ಗೆ ಬದಲಾಗದ ವಿಳಾಸ ಬೇಕು. ರೂಟರ್‌ನ ಸೆಟ್ಟಿಂಗ್‌ನಲ್ಲಿ ಆ ಯಂತ್ರಕ್ಕೇ ಅಂತ ಒಂದು ಐಪಿ, ಉದಾಹರಣೆಗೆ 192.168.1.50, ಕಾದಿರಿಸಬೇಕು. ಇದನ್ನು ಬಿಟ್ಟರೆ ಕರೆಂಟ್ ಹೋಗಿ ಬಂದ ದಿನ ಸರ್ವರ್ ಕಾಣೆ!

ಉಬುಂಟು ಅಥವಾ ಡೆಬಿಯನ್‌ನಲ್ಲಿ ಸಾಂಬಾ ಹಾಕಲು ಟರ್ಮಿನಲ್‌ನಲ್ಲಿ ‘ಸುಡೊ ಆಪ್ಟ್ ಇನ್‌ಸ್ಟಾಲ್ ಸಾಂಬಾ’ ಎಂಬ ಒಂದೇ ಆಜ್ಞೆ ಸಾಕು. ಇಲ್ಲಿರುವ ಎಲ್ಲ ಆಜ್ಞೆಗಳನ್ನೂ ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು.

ಆಮೇಲಿನದು ಬಳಕೆದಾರರ ಪಟ್ಟಿ. ಹೆಚ್ಚು ಜನ ಎಡವೋದು ಇಲ್ಲೇ. ಕ್ಯಾಶ್‌ನಲ್ಲಿ ಕೂರುವವರು, ಲೆಕ್ಕ ಬರೆಯುವವರು, ಮಾಲೀಕರು, ಹೀಗೆ ಒಬ್ಬೊಬ್ಬರಿಗೂ ಲಿನಕ್ಸ್‌ನಲ್ಲಿ ಒಂದು ಹೆಸರು ಸೃಷ್ಟಿಸಬೇಕು. ಅಷ್ಟಕ್ಕೇ ಮುಗಿಯಲ್ಲ. ವಿಂಡೋಸ್ ಪಾಸ್‌ವರ್ಡ್ ಪರೀಕ್ಷಿಸುವ ರೀತಿಯೇ ಬೇರೆ, ಲಿನಕ್ಸ್ ತನ್ನ ಪಾಸ್‌ವರ್ಡನ್ನು ಕಾಪಿಡುವ ರೀತಿಯೇ ಬೇರೆ. ಆದ್ದರಿಂದ ಸಾಂಬಾ ತನ್ನದೇ ಪಾಸ್‌ವರ್ಡ್ ಪುಸ್ತಕ ಇಟ್ಟುಕೊಂಡಿರುತ್ತೆ. ‘ಎಸ್‌ಎಂಬಿಪಾಸ್‌ಡಬ್ಲ್ಯುಡಿ’ ಆಜ್ಞೆಗೆ ಹೈಫನ್ ಎ ಸೇರಿಸಿ, ಪ್ರತಿ ಹೆಸರನ್ನೂ ಆ ಪುಸ್ತಕಕ್ಕೆ ಸೇರಿಸಬೇಕು. ‘ಪಾಸ್‌ವರ್ಡ್ ಸರಿಯಾಗೇ ಹಾಕಿದ್ರೂ ಒಳಗೆ ಬಿಡ್ತಿಲ್ಲ’ ಎಂಬ ದೂರಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

ಫೋಲ್ಡರ್ ಹಕ್ಕಿನ ವಿಷಯವೂ ಅಷ್ಟೇ ಮುಖ್ಯ. ಒಬ್ಬರು ಉಳಿಸಿದ ಫೈಲನ್ನು ಇನ್ನೊಬ್ಬರು ತೆರೆಯಬಹುದು, ತಿದ್ದಲು ಆಗಲ್ಲ. ಇದು ತೀರಾ ಸಾಮಾನ್ಯ ರಗಳೆ. ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸಿ, ಫೋಲ್ಡರನ್ನು ಆ ಗುಂಪಿನ ಹೆಸರಿಗೆ ಮಾಡಿ, ಹಕ್ಕಿನ ಸಂಖ್ಯೆಯನ್ನು 2770 ಅಂತ ಇಟ್ಟರೆ ಇದು ಬಗೆಹರಿಯುತ್ತೆ. ಮುಂದಿನ 2ರ ಕೆಲಸವೆಂದರೆ ಅಲ್ಲಿ ಹುಟ್ಟುವ ಪ್ರತಿ ಹೊಸ ಫೈಲೂ ಅದೇ ಗುಂಪಿಗೆ ಸೇರುವಂತೆ ನೋಡಿಕೊಳ್ಳೋದು. ಕೊನೆಯ ಸೊನ್ನೆ ಅಂದರೆ ಗುಂಪಿನ ಹೊರಗಿನವರಿಗೆ ಬಾಗಿಲು ಬಂದ್. ಅವಸರದಲ್ಲಿ 777 ಹಾಕಿ ಹೋಗುವ ಟೆಕ್ನಿಷಿಯನ್‌ಗಳಿದ್ದಾರೆ. ಅದು ಎಲ್ಲರಿಗೂ ಎಲ್ಲ ಹಕ್ಕು ಕೊಟ್ಟಂತೆ. ಒಪ್ಪಬಾರದು.

ಉಳಿದದ್ದು ಎಸ್‌ಎಂಬಿ ಡಾಟ್ ಕಾನ್ಫ್ ಎಂಬ ಕಡತದಲ್ಲಿ ಐದಾರು ಸಾಲು: ಹಂಚಿಕೆಯ ಹೆಸರು, ಫೋಲ್ಡರ್ ಎಲ್ಲಿದೆ, ಯಾವ ಗುಂಪಿಗೆ ಪ್ರವೇಶ, ಬರೆಯಲು ಅವಕಾಶ ಇದೆಯೋ ಇಲ್ಲವೋ, ಹೊಸ ಫೈಲ್‌ಗೆ ಹಕ್ಕು 0660, ಹೊಸ ಫೋಲ್ಡರ್‌ಗೆ 2770. ‘ಗೆಸ್ಟ್ ಓಕೆ’ ಎಂಬುದರ ಎದುರು ‘ನೋ’ ಇರಲೇಬೇಕು. ಪಾಸ್‌ವರ್ಡ್ ಇಲ್ಲದ ಹಂಚಿಕೆ ಸುಲಭ ಅನಿಸಬಹುದು, ಆದರೆ ವಿಂಡೋಸ್ 11ರ 24ಎಚ್‌2 ಪ್ರೊ ಆವೃತ್ತಿ ಅಂಥ ಅತಿಥಿ ಪ್ರವೇಶವನ್ನು ತಾನಾಗೇ ನಿರಾಕರಿಸುತ್ತೆ. ಬರೆದದ್ದು ಸರಿಯಿದೆಯಾ ಅಂತ ‘ಟೆಸ್ಟ್‌ಪಾರ್ಮ್’ ಆಜ್ಞೆ ಹೇಳುತ್ತೆ. ಆಮೇಲೆ ಸಾಂಬಾವನ್ನು ಒಮ್ಮೆ ರೀಸ್ಟಾರ್ಟ್ ಮಾಡಬೇಕು.

ವಿಂಡೋಸ್ ಕಡೆ ಕೆಲಸ ಕಡಿಮೆ. ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸ ಪಟ್ಟಿಯಲ್ಲಿ ಎರಡು ಹಿಮ್ಮುಖ ಓರೆಗೆರೆ, ಸರ್ವರ್ ಐಪಿ, ಮತ್ತೊಂದು ಓರೆಗೆರೆ, ಹಂಚಿಕೆಯ ಹೆಸರು. ತೆರೆದರೆ ‘ಮ್ಯಾಪ್ ನೆಟ್‌ವರ್ಕ್ ಡ್ರೈವ್’ ಮೂಲಕ ಅದಕ್ಕೆ ಝಡ್ ಅಕ್ಷರ ಕೊಡಬಹುದು. ‘ನೆಟ್‌ವರ್ಕ್’ ಚಿತ್ರದ ಅಡಿಯಲ್ಲಿ ಸರ್ವರ್ ಕಾಣಿಸಲ್ಲ ಅಂತ ಗಾಬರಿ ಬೇಡ, ನೇರ ವಿಳಾಸ ಹಾಕಿದರೆ ಸಿಗುತ್ತೆ. ಒಂದೇ ವಿಂಡೋಸ್ ಲಾಗಿನ್‌ನಿಂದ ಒಂದೇ ಸರ್ವರ್‌ಗೆ ಎರಡು ಬೇರೆ ಹೆಸರಿನಲ್ಲಿ ಹೋಗಲು ವಿಂಡೋಸ್ ಬಿಡಲ್ಲ. ಹಾಗಾಗಿ ಬೆಳಿಗ್ಗೆ ಹುಡುಗ ಲಾಗಿನ್ ಆದ ಸ್ಕ್ರೀನ್‌ನಲ್ಲೇ ಮಧ್ಯಾಹ್ನ ಮಾಲೀಕರು ತಮ್ಮ ಹೆಸರು ಹಾಕಿದರೆ ದೋಷ ಬರುತ್ತೆ. ಹಳೇ ಸಂಪರ್ಕ ಕಡಿದು, ಅಥವಾ ವಿಂಡೋಸ್‌ನಿಂದಲೇ ಸೈನ್ ಔಟ್ ಆಗಿ ಹೊಸದಾಗಿ ಬರಬೇಕು.

ಟ್ಯಾಲಿ ಇದ್ದರೆ ಬೇರೆ ಹಂಚಿಕೆ

ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಟ್ಯಾಲಿ ನಮ್ಮ ಅಂಗಡಿಗಳ ಲೆಕ್ಕದ ಪುಸ್ತಕ. ಅದು ಓಡೋದು ವಿಂಡೋಸ್‌ನಲ್ಲಿ ಮಾತ್ರ, ಆದರೆ ಅದರ ಡೇಟಾ ಫೋಲ್ಡರ್ ಲಿನಕ್ಸ್ ಸರ್ವರ್‌ನಲ್ಲಿ ಇರಬಹುದು. ಹಲವರು ಒಟ್ಟಿಗೆ ಬಳಸಲು ಗೋಲ್ಡ್ ಲೈಸೆನ್ಸ್ ಬೇಕು, ಸಿಲ್ವರ್ ಒಬ್ಬರಿಗಷ್ಟೇ. ಲೈಸೆನ್ಸ್ ಇರುವ ಯಂತ್ರ ವಿಂಡೋಸ್‌ದೇ ಆಗಿರಬೇಕು.

ಇಲ್ಲಿ ಒಂದು ಅಪಾಯ ಇದೆ. ವೇಗಕ್ಕಾಗಿ ಸರ್ವರ್ ಒಂದು ಕಂಪ್ಯೂಟರ್‌ಗೆ ‘ಈ ಫೈಲ್ ಸದ್ಯ ನಿನ್ನೊಬ್ಬನದೇ, ಬದಲಾವಣೆಗಳನ್ನು ನಿನ್ನ ಹತ್ತಿರವೇ ಇಟ್ಟುಕೋ, ಆಮೇಲೆ ಕಳಿಸು’ ಅಂತ ಅನುಮತಿ ಕೊಡುತ್ತೆ. ಇದಕ್ಕೆ ಆಪ್‌ಲಾಕ್ ಅಂತಾರೆ. ವರ್ಡ್ ಕಡತಕ್ಕೆ ಇದು ಒಳ್ಳೇದೇ. ನಾಲ್ವರು ಒಟ್ಟಿಗೆ ಬರೆಯುವ ಲೆಕ್ಕದ ಫೈಲ್‌ಗೆ ಒಳ್ಳೇದಲ್ಲ. ಬದಲಾವಣೆ ಇಟ್ಟುಕೊಂಡಿದ್ದ ಕಂಪ್ಯೂಟರ್ ಕರೆಂಟ್ ಹೋಗಿ ಆಫ್ ಆದರೆ ಆ ನಮೂದುಗಳೂ ಹೋದವು, ಡೇಟಾ ಅರ್ಧಂಬರ್ಧ ಉಳಿಯಿತು. ಆದ್ದರಿಂದ ಟ್ಯಾಲಿಗೆ ಪ್ರತ್ಯೇಕ ಹಂಚಿಕೆ ಮಾಡಿ, ಅದೊಂದರಲ್ಲಿ ‘ಆಪ್‌ಲಾಕ್ಸ್’ ಮತ್ತು ‘ಲೆವೆಲ್2 ಆಪ್‌ಲಾಕ್ಸ್’ ಎರಡಕ್ಕೂ ‘ನೋ’ ಹಾಕಿಸಬೇಕು. ಸ್ವಲ್ಪ ನಿಧಾನ ಆಗಬಹುದು, ಆಗಲಿ. ಟ್ಯಾಲಿ ಕಂಪ್ಯೂಟರ್‌ಗಳು ವೈಫೈ ಬಿಟ್ಟು ಕೇಬಲ್‌ನಲ್ಲೇ ಇರಲಿ. ಸರ್ವರ್‌ಗೂ ಸ್ವಿಚ್‌ಗೂ ಯುಪಿಎಸ್ ಬೇಕೇ ಬೇಕು. ಮಳೆಗಾಲದ ಸಂಜೆ ಬೆಸ್ಕಾಂ ಯಾರನ್ನೂ ಕೇಳಿ ಕರೆಂಟ್ ತೆಗೆಯಲ್ಲ.

ಹಾಗೇ ಸ್ವಿಚ್ಚಿನ ಮೇಲೂ ಒಂದು ಕಣ್ಣಿರಲಿ. ಹಳೇ ರೂಟರಿನ 100 ಎಂಬಿಪಿಎಸ್ ಪೋರ್ಟ್‌ನಲ್ಲಿ ಸೆಕೆಂಡಿಗೆ 11–12 ಎಂಬಿ ಹರಿದರೆ ಹೆಚ್ಚು. ಗಿಗಾಬಿಟ್ ಸ್ವಿಚ್ ಹಾಕಿದರೆ ಸುಮಾರು 110 ಎಂಬಿ.

ಕನ್ನಡದ ಫೈಲ್ ಹೆಸರು

ಸಾಂಬಾ ಯುನಿಕೋಡ್ ಬಳಸುವುದರಿಂದ ಕನ್ನಡ ಹೆಸರುಗಳು ಸರಾಗವಾಗಿ ಕಾಣುತ್ತವೆ. ಆದರೆ ಉದ್ದದಲ್ಲಿ ಮಿತಿ ಇದೆ. ವಿಂಡೋಸ್‌ನಲ್ಲಿ ಒಂದು ಹೆಸರು 255 ಅಕ್ಷರ ಸಂಕೇತಗಳವರೆಗೆ ಇರಬಹುದು. ಲಿನಕ್ಸ್‌ನ ಇಎಕ್ಸ್‌ಟಿ4 ಡಿಸ್ಕ್‌ನಲ್ಲಿ ಮಿತಿ 255 ಬೈಟ್, ಅಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್. ಲೆಕ್ಕ ಹಾಕಿದರೆ 85 ಸಂಕೇತ. ಸಂಕೇತ ಅಂದರೆ ಕಣ್ಣಿಗೆ ಕಾಣುವ ಅಕ್ಷರ ಅಲ್ಲ: ‘ಶ್ರೀ’ ಎಂಬ ಒಂದಕ್ಷರವೇ ಶ, ಅರ್ಧಾಕ್ಷರದ ಗುರುತು, ರ, ದೀರ್ಘದ ಗುರುತು ಸೇರಿ ನಾಲ್ಕು ಸಂಕೇತ, 12 ಬೈಟ್. ಗೃಹಪ್ರವೇಶದ ಆಮಂತ್ರಣದ ಫೈಲ್‌ಗೆ ಗಿರಾಕಿಯ ಪೂರ್ತಿ ಹೆಸರು, ಬಡಾವಣೆ, ‘ಅಂತಿಮ ಪ್ರೂಫ್ ತಿದ್ದಿದ್ದು’ ಎಲ್ಲ ಸೇರಿಸುವ ಡಿಟಿಪಿಯವರಿಗೆ ಕಾಪಿ ಯಾಕೆ ನಿಂತಿತು ಅಂತ ಗೊತ್ತಾಗದೇ ಇರುವುದು ಈ ಕಾರಣಕ್ಕೆ. ಹೆಸರು ಚಿಕ್ಕದಿರಲಿ, ವಿವರ ಫೋಲ್ಡರ್‌ಗೆ ಹೋಗಲಿ.

ನುಡಿ ಅಥವಾ ಬರಹದ ಹಳೇ ಫಾಂಟ್‌ನಲ್ಲಿ ಮಾಡಿದ ಕಡತಗಳಿಗೆ ಸರ್ವರ್ ಏನೂ ಮಾಡಲ್ಲ. ಅವು ಇದ್ದಂತೆಯೇ ಇರುತ್ತವೆ. ತೆರೆಯುವ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇರಬೇಕು ಅಷ್ಟೇ.

ಹಳೇ ಜೆರಾಕ್ಸ್ ಯಂತ್ರ ಕೇಳುವ ತಪ್ಪು ಬಾಗಿಲು

ಸ್ಕ್ಯಾನ್ ಮಾಡಿದ್ದನ್ನು ನೇರ ಫೋಲ್ಡರ್‌ಗೆ ಕಳಿಸುವ ಹಳೇ ಯಂತ್ರಗಳಲ್ಲಿ ಎಷ್ಟೋ ಎಸ್‌ಎಂಬಿಯ ಮೊದಲ ಆವೃತ್ತಿ ಮಾತ್ರ ಬಲ್ಲವು. 2017ರ ಮೇ 12ರಂದು ಜಗತ್ತಿನಾದ್ಯಂತ ಕಂಪ್ಯೂಟರ್‌ಗಳಿಗೆ ಬೀಗ ಹಾಕಿದ ವಾನಾಕ್ರೈ ಹರಡಿದ್ದು ವಿಂಡೋಸ್‌ನ ಇದೇ ಮೊದಲ ಆವೃತ್ತಿಯ ತೂತಿನಿಂದ. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಸಾಂಬಾದಲ್ಲೂ ಅದೇ ಮೇ ತಿಂಗಳಲ್ಲಿ ಬೇರೊಂದು ಗಂಭೀರ ತೂತು ಸಿಕ್ಕಿ ಮುಚ್ಚಲಾಯಿತು. ಲಿನಕ್ಸ್ ಅಂದಮಾತ್ರಕ್ಕೆ ಅಪ್‌ಡೇಟ್ ಬೇಡ ಅನ್ನುವಂತಿಲ್ಲ. 2019ರ ಸಾಂಬಾ 4.11ರಿಂದ ಈಚೆಗೆ ಮೊದಲ ಆವೃತ್ತಿ ತಾನಾಗೇ ಬಂದ್ ಆಗಿರುತ್ತೆ. ಒಂದು ಸ್ಕ್ಯಾನರ್‌ಗೋಸ್ಕರ ಅದನ್ನು ಮತ್ತೆ ತೆರೆಯೋದು ಬೇಡ. ಆ ಯಂತ್ರದಲ್ಲಿ ಎಫ್‌ಟಿಪಿ ಅಥವಾ ಇಮೇಲ್‌ಗೆ ಸ್ಕ್ಯಾನ್ ಕಳಿಸುವ ಸೌಲಭ್ಯ ಇದೆಯಾ ನೋಡಬೇಕು, ಇಲ್ಲದಿದ್ದರೆ ಪೆನ್‌ಡ್ರೈವ್.

ಹೊರಗಿನಿಂದ ಅಂಗಡಿ ಫೈಲ್ ನೋಡಬೇಕು ಅಂತ ರೂಟರ್‌ನಲ್ಲಿ 445ನೇ ಪೋರ್ಟ್ ಇಂಟರ್‌ನೆಟ್‌ಗೆ ತೆರೆಯೋದಂತೂ ಕೂಡದು. ಮನೆಯಿಂದ ಕೆಲಸ ಮಾಡಬೇಕಿದ್ದರೆ ವಿಪಿಎನ್ ಹಾಕಿಸಬೇಕು.

ಸರ್ವರ್ ಇದೆ ಅಂದ್ರೆ ಬ್ಯಾಕಪ್ ಇದೆ ಅಂತಲ್ಲ

ಕೌಂಟರ್‌ನ ಯಾವುದೋ ಕಂಪ್ಯೂಟರ್‌ನಲ್ಲಿ ರ‍್ಯಾನ್ಸಮ್‌ವೇರ್ ಹೊಕ್ಕರೆ, ಅದಕ್ಕೆ ಝಡ್ ಡ್ರೈವ್ ಕೂಡ ಇನ್ನೊಂದು ಡಿಸ್ಕ್ ಅಷ್ಟೇ. ಬರೆಯುವ ಹಕ್ಕು ಇರುವುದರಿಂದ ಸರ್ವರ್‌ನಲ್ಲಿರುವ ಫೈಲ್‌ಗಳಿಗೂ ಬೀಗ ಬೀಳುತ್ತೆ. ಸರ್ವರ್ ಲಿನಕ್ಸ್ ಆಗಿದ್ದರೂ ಇಲ್ಲಿ ಉಪಯೋಗಕ್ಕೆ ಬರಲ್ಲ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಕಾಪಿಡಬೇಕು. ಕಂಪ್ಯೂಟರ್ ಹಾಳಾಯ್ತು ಅಂತ ಕೈಚೆಲ್ಲಿ ಕೂರೋ ಹಾಗಿಲ್ಲ.

ಪ್ರತಿ ರಾತ್ರಿ ಸರ್ವರ್ ತಾನೇ ಎರಡನೇ ಡಿಸ್ಕ್‌ಗೆ ಪ್ರತಿ ಮಾಡುವಂತೆ ಆರ್‌ಸಿಂಕ್ ಹಾಕಿಸಬಹುದು. ಇದೂ ಟ್ರಿಡ್ಜೆಲ್ ಅವರು ಪಾಲ್ ಮೆಕೆರಸ್ ಜೊತೆ ಸೇರಿ ಬರೆದ ತಂತ್ರಾಂಶವೇ. ಆ ಎರಡನೇ ಡಿಸ್ಕನ್ನು ಯಾವ ವಿಂಡೋಸ್ ಯಂತ್ರಕ್ಕೂ ಹಂಚಬಾರದು. ಒಂದೇ ಪ್ರತಿಯ ಮೇಲೆ ದಿನಾ ಬರೆಯುತ್ತಾ ಹೋದರೆ ಕೆಟ್ಟ ಫೈಲೂ ಮರುದಿನ ಒಳ್ಳೆಯದರ ಮೇಲೆ ಕೂರುತ್ತೆ, ಆದ್ದರಿಂದ ವಾರದ ಏಳು ದಿನಕ್ಕೆ ಏಳು ಫೋಲ್ಡರ್ ಇರಲಿ. ಇದರ ಜೊತೆಗೆ ವಾರಕ್ಕೊಮ್ಮೆ ಪೋರ್ಟಬಲ್ ಡಿಸ್ಕ್‌ಗೆ ಪ್ರತಿ ಮಾಡಿ ಮಾಲೀಕರು ಮನೆಗೆ ಒಯ್ಯಬೇಕು. ಟ್ಯಾಲಿ ಫೋಲ್ಡರ್ ಪ್ರತಿಯಾಗುವ ಹೊತ್ತಿಗೆ ಎಲ್ಲರೂ ಟ್ಯಾಲಿಯಿಂದ ಹೊರಬಂದಿರಬೇಕು.

ಕೈತಪ್ಪಿ ಅಳಿಸಿದ್ದರ ಬಗ್ಗೆ ಒಂದು ಮಾತು. ನೆಟ್‌ವರ್ಕ್ ಡ್ರೈವ್‌ನಲ್ಲಿ ಡಿಲೀಟ್ ಮಾಡಿದ್ದು ವಿಂಡೋಸ್‌ನ ರಿಸೈಕಲ್ ಬಿನ್‌ಗೆ ಹೋಗಲ್ಲ, ನೇರ ಮಾಯ. ಸಾಂಬಾದಲ್ಲೇ ‘ರಿಸೈಕಲ್’ ಎಂಬ ಜೋಡಣೆ ಇದೆ, ಅದನ್ನು ಹಾಕಿಸಿದರೆ ಅಳಿಸಿದ ಫೈಲ್‌ಗಳು ಸರ್ವರ್‌ನ ಒಂದು ಫೋಲ್ಡರ್‌ನಲ್ಲಿ ಕೂತಿರುತ್ತವೆ. ಡಿಸ್ಕ್ ತುಂಬದಂತೆ ಆಗಾಗ ಅದನ್ನು ಖಾಲಿ ಮಾಡಬೇಕು.

ಕೆಲಸ ಮುಗಿಸಿದ ಟೆಕ್ನಿಷಿಯನ್‌ಗೆ ಹಣ ಕೊಡುವ ಮೊದಲು ಎರಡು ಕೆಲಸ ಆಗಲಿ. ಸರ್ವರ್‌ನ ಮುಖ್ಯ ಪಾಸ್‌ವರ್ಡ್ ಮತ್ತು ಸಾಂಬಾ ಕಡತದ ಮುದ್ರಿತ ಪ್ರತಿ ಮಾಲೀಕರ ಬೀರುವಿಗೆ ಸೇರಬೇಕು. ಬ್ಯಾಕಪ್ ಡಿಸ್ಕ್‌ನಿಂದ ನಿನ್ನೆಯ ಒಂದು ಫೈಲನ್ನು ಹಿಂದಕ್ಕೆ ತಂದು, ಮಾಲೀಕರ ಕಣ್ಣೆದುರೇ ತೆರೆದು ತೋರಿಸಬೇಕು. ಕೆಲಸ ಬಿಟ್ಟು ಹೋದ ಹುಡುಗರ ಹೆಸರನ್ನು ಸಾಂಬಾದ ಪಟ್ಟಿಯಿಂದ ಅದೇ ದಿನ ತೆಗೆಯುವುದು ಹೇಗೆ ಅಂತಲೂ ಆಗಲೇ ಕೇಳಿ ಬರೆದಿಟ್ಟುಕೊಂಡರೆ ಮತ್ತೆ ಅವರಿಗೆ ಫೋನ್ ಮಾಡುವ ಪ್ರಮೇಯ ಬರಲ್ಲ.