ಬಡೀಮಾ ಆರಿಸಿದ ಜಾಗ

ಹರಿಗೋಲಿನಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದನ್ನು ಅಂಬಿಗ ಹೇಳುತ್ತಾನೆ. ಭಾರದವರು ನಡುವೆ, ಅವರಿಗೆ ಆತುಕೊಂಡು ಹೆಂಗಸರು ಮಕ್ಕಳು, ಅಂಚಿಗೆ ಗಟ್ಟಿಮುಟ್ಟಾದ ಗಂಡಸರು. ನಡುವೆ ಕೂತವರಿಗೆ ತೂಗಾಟ ಕಡಿಮೆ. ತಿಂಥಣಿಯಲ್ಲಿ ಸೇತುವೆ ಇಲ್ಲದ ಕಾಲದಲ್ಲಿ ಕೃಷ್ಣೆ ದಾಟಿ ಬಟ್ಟೆ ವ್ಯಾಪಾರಕ್ಕೆ ಹೋಗುತ್ತಿದ್ದ ನನ್ನ ದಾದಾ, ಅಂದರೆ ಅಜ್ಜ, ಈ ಶಿಸ್ತನ್ನು ಚೆನ್ನಾಗಿ ಬಲ್ಲವರು. 1962ರಲ್ಲಿ ಮನೆಯ ನಾಲ್ಕು ಮಂದಿಯನ್ನು ಕರೆದುಕೊಂಡು ಹಜ್ ಯಾತ್ರೆಗೆಂದು ಮುಂಬೈಯಿಂದ ಜಿದ್ದಾಕ್ಕೆ ಹಡಗು ಹತ್ತುವಾಗ ಅವರ ಕೈಹಿಡಿದದ್ದು ಇದೇ ತಿಳಿವಳಿಕೆ. ಈ ಕಥೆಯನ್ನು ದಾದಿ, ಅಂದರೆ ನನ್ನ ಅಜ್ಜಿ, ನನಗೆ ಹತ್ತಾರು ಸಲ ಹೇಳಿದ್ದರು. ಅವರು ದಖ್ಖನಿಯಲ್ಲಿ ಆಡಿದ ಮಾತನ್ನು ನಮ್ಮೂರ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ನಮ್ಮ ಸುರಪುರ ಬೆಟ್ಟಗಳ ನಡುವಿನ ಊರು. ಸಮುದ್ರ ಇಲ್ಲಿಗೆ ನೂರಾರು ಕಿಲೋಮೀಟರ್ ದೂರ. ಆದರೂ ಸಮುದ್ರದ ದಾರಿ ಈ ಊರಿಗೆ ಹೊಸದಲ್ಲ. ಆದಿಲ್‌ಶಾಹಿ ಕಾಲದಲ್ಲಿ ದಖ್ಖನಿನ ಯಾತ್ರಿಕರು ದಾಭೋಳ ಬಂದರಿನಿಂದ ಮಕ್ಕಾ ಕಡೆಗೆ ಹೊರಡುತ್ತಿದ್ದರು. ಮೊಘಲರ ಕಾಲಕ್ಕೆ ಸೂರತ್ ದೊಡ್ಡ ಬಂದರಾಯಿತು. ನಮ್ಮೂರ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಕಟ್ಟಿಸಿದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕೂಡ ಹಡಗಿನಲ್ಲೇ ಬಂದವರು. 1824ರಲ್ಲಿ ಮುಂಬೈಯಲ್ಲಿ ಇಳಿದಾಗ ಅವರಿಗೆ ಇನ್ನೂ 16 ತುಂಬಿರಲಿಲ್ಲ. ಮುಂದೆ ಅವರು ಇಲ್ಲಿಗೆ ಬಂದು ಬಾಲಕ ರಾಜಾ ವೆಂಕಟಪ್ಪ ನಾಯಕನ ಆಡಳಿತ ನೋಡಿಕೊಂಡರು. ಅದೇ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಪ್ರಾಣ ಕೊಟ್ಟ. 1860ರಲ್ಲಿ ಸುರಪುರ ಸಂಸ್ಥಾನ ನಿಜಾಮರ ಕೈಗೆ ಹೋಯಿತು. 1871ರಲ್ಲಿ ಮುಂಬೈ–ರಾಯಚೂರು ರೈಲುಮಾರ್ಗ ಕೂಡಿಕೊಂಡಿತು. ಆಮೇಲೆ ಸುರಪುರದ ಹಾಜಿಗೆ ಬಂದರಿನ ದಾರಿ ಸಲೀಸಾಯಿತು: ಶಹಾಪುರದ ಮೇಲೆ ಯಾದಗಿರಿ, ಅಲ್ಲಿಂದ ರೈಲು, ವಾಡಿ, ಗುಲಬರ್ಗಾ, ಸೊಲ್ಲಾಪುರ, ಪುಣೆ, ಮುಂಬೈ.

ಆ ಕಾಲದ ಹಜ್ ಹಡಗುಗಳ ಚರಿತ್ರೆ ಓದಿದರೆ ಎದೆ ಭಾರವಾಗುತ್ತದೆ. 1880ರಲ್ಲಿ ‘ಜೆದ್ದಾ’ ಎಂಬ ಹಡಗು ಸಿಂಗಾಪುರ, ಪೆನಾಂಗ್ ಕಡೆಯ ಸುಮಾರು ಒಂಬೈನೂರೈವತ್ತು ಯಾತ್ರಿಕರನ್ನು ಹೊತ್ತು ಹೊರಟಿತ್ತು. ಅದರೊಳಗೆ ನೀರು ನುಗ್ಗಿದಾಗ ಕಪ್ತಾನ ಮತ್ತು ಅಧಿಕಾರಿಗಳು ಜನರನ್ನು ಬಿಟ್ಟು ದೋಣಿಯಲ್ಲಿ ಪಾರಾದರು. ಹಡಗು ಮುಳುಗಿತು ಎಂದೂ ಹೇಳಿದರು. ಆದರೆ ಅದು ಮುಳುಗಿರಲಿಲ್ಲ. ಇನ್ನೊಂದು ಹಡಗು ಅದನ್ನು ಏಡನ್‌ಗೆ ಎಳೆದು ತಂದಿತು, ಜನ ಉಳಿದುಕೊಂಡರು. ಇದೇ ಘಟನೆ ಜೋಸೆಫ್ ಕಾನ್ರಾಡ್ ಅವರ ‘ಲಾರ್ಡ್ ಜಿಮ್’ ಕಾದಂಬರಿಗೆ ಮೂಲವಾಯಿತು. 1886ರಿಂದ 1893ರವರೆಗೆ ಭಾರತದ ಹಜ್ ಪ್ರಯಾಣದ ಏಜೆನ್ಸಿ ಥಾಮಸ್ ಕುಕ್ ಕಂಪನಿಯ ಕೈಯಲ್ಲಿತ್ತು. 1877ರಲ್ಲಿ ಹುಟ್ಟಿದ ಬಾಂಬೆ ಅಂಡ್ ಪರ್ಷಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ಮುಂದೆ ಮೊಗಲ್ ಲೈನ್ ಎಂದು ಹೆಸರಾಯಿತು. ಮುಂಬೈಯ ಹಾಜಿಗಳನ್ನು ಹೆಚ್ಚಾಗಿ ಹೊತ್ತದ್ದು ಅದೇ.

ಒಬ್ಬ ಯಾತ್ರಿಕನಿಗೆ ಹಡಗಿನಲ್ಲಿ ಎಷ್ಟು ಜಾಗ ಸಿಗಬೇಕು? ಇದಕ್ಕಾಗಿ ದೇಶದೇಶಗಳು ಕೂತು ಮಾತಾಡಿದವು. 1926ರ ಅಂತರರಾಷ್ಟ್ರೀಯ ನೈರ್ಮಲ್ಯ ಒಪ್ಪಂದ ಆ ಲೆಕ್ಕವನ್ನು ಗೊತ್ತುಮಾಡಿತು: ತಲೆಗೆ ಒಂದೂವರೆ ಚದರ ಮೀಟರ್, ಅಂದರೆ 16 ಚದರ ಅಡಿ. ವಯಸ್ಸು ಎಷ್ಟೇ ಇರಲಿ, ಅಷ್ಟು ಜಾಗ ಕೊಡಲೇಬೇಕಿತ್ತು. ತೊಟ್ಟಿಲ ಕೂಸಿಗೂ ಮುದುಕಿಗೂ ಒಂದೇ ಅಳತೆ. ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ. ಅಷ್ಟರಲ್ಲಿ ಒಬ್ಬ ದೊಡ್ಡ ಮನುಷ್ಯ ಕಾಲು ಚಾಚಿ ಮಲಗಲಾರ. ಆದರೆ ಐದು ಮಂದಿಯ ಜಾಗ ಒಂದೇ ಕಡೆ ಕೂಡಿದರೆ 80 ಚದರ ಅಡಿ ಆಗುತ್ತದೆ, ಒಂದು ಪುಟ್ಟ ಕೋಣೆಯಷ್ಟು. ಡೆಕ್ ದರ್ಜೆಯ ಬಡವರು ಒಟ್ಟಾಗಿ ಹೋಗುತ್ತಿದ್ದುದಕ್ಕೆ ಇದೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ.

ಸುರಪುರದ ರಂಗಂಪೇಟೆಯ ನಮ್ಮ ಮನೆಯಿಂದ 1962ರಲ್ಲಿ ಹೊರಟವರು ದಾದಾ, ದಾದಿ, ದಾದಾರ ತಾಯಿ ಬಡೀಮಾ, ದಾದಾರ ತಮ್ಮನಾದ ಚಿಕ್ಕ ದಾದಾ ಮತ್ತು ಅವರ ಹೆಂಡತಿ. ಬಡೀಮಾಗೆ ಆಗಲೇ ಎಪ್ಪತ್ತು ದಾಟಿತ್ತು, ಮೊಣಕಾಲು ನೋವು. ಹಡಗಿನಲ್ಲಿ ಎರಡು ಬಗೆ: ಮೇಲೆ ಫಸ್ಟ್ ಕ್ಲಾಸಿನ ಕ್ಯಾಬಿನ್, ಕೆಳಗೆ ಡೆಕ್. ಕ್ಯಾಬಿನ್ನಿನಲ್ಲಿ ಮಂಚ, ಬಾಗಿಲು, ಮರೆ ಎಲ್ಲ ಇತ್ತು. ಡೆಕ್ ಎಂದರೆ ಹಡಗಿನ ಹೊಟ್ಟೆಯೊಳಗಿನ ಉದ್ದ ಹಾಲು. ನೂರಾರು ಮಂದಿಗೆ ಅದೊಂದೇ ಸೂರು. ದಾದಾ ಹೊಲದ ಒಂದು ತುಂಡು ಮಾರಿ ತಾಯಿಗೊಂದು, ಹೆಂಡತಿಗೊಂದು ಕ್ಯಾಬಿನ್ ಜಾಗ ಮಾಡಿಸಲು ತಯಾರಾಗಿದ್ದರು. ಬಡೀಮಾ ಒಪ್ಪಲಿಲ್ಲ.

“ನಾ ಮ್ಯಾಲ ಮಂಚದ ಮ್ಯಾಲ ಮಕ್ಕೊಂಡು, ನೀವು ತೆಳಗ ಬಿದ್ದಿದ್ರ ನನಗ ನಿದ್ದಿ ಬರ್ತದೇನು ಬೇಟಾ? ನಡುರಾತ್ರಿ ನನ್ನ ಉಸಿರು ನಿಂತ್ರ ಬಾಯಾಗ ನೀರು ಹಾಕವ್ರು ಯಾರು? ಕೈ ಚಾಚಿದ್ರ ನೀವು ಸಿಗಬೇಕು. ನನಗ ಅಷ್ಟs ಸಾಕು.”

ಇದು ಬರಿಯ ಹೆದರಿಕೆಯ ಮಾತಲ್ಲ. ಆಗ ಹಾಜಿಗಳು ಸಾಮಾನಿನ ಜೊತೆ ಕಫನ್, ಅಂದರೆ ತೀರಿದವರಿಗೆ ಹೊದಿಸುವ ಬಟ್ಟೆಯನ್ನೂ ಕಟ್ಟಿಕೊಳ್ಳುತ್ತಿದ್ದರು. ನಡುಗಡಲಲ್ಲಿ ತೀರಿದವರಿಗೆ ನಮಾಜು ಓದಿ ಸಮುದ್ರಕ್ಕೇ ಒಪ್ಪಿಸುತ್ತಿದ್ದರು. ಬಡೀಮಾ ತಮ್ಮ ಕಫನ್ ತಾವೇ ಮಡಚಿ ಟ್ರಂಕಿನ ತಳದಲ್ಲಿಟ್ಟಿದ್ದರು. ಹಾಗಾಗಿ ಐವರಿಗೂ ಡೆಕ್ ಟಿಕೇಟೇ ಗಟ್ಟಿಯಾಯಿತು. ಹೊಲ ಉಳಿಯಿತು.

ಮುಂಬೈಯಲ್ಲಿ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಸಾಬೂ ಸಿದ್ದೀಕ್ ಮುಸಾಫಿರ್‌ಖಾನಾದಲ್ಲಿ ಇಳಿದುಕೊಂಡರು. ಕಾಲರಾ ಸೂಜಿ, ಸಿಡುಬಿನ ಲಸಿಕೆ, ಕಾಗದಪತ್ರ ಎಲ್ಲ ಮುಗಿಸಿದರು. ಹಾಜಿಗಳಿಗೆಂದೇ ರಿಸರ್ವ್ ಬ್ಯಾಂಕ್ 1959ರಲ್ಲಿ ತಂದ ಹಜ್ ನೋಟುಗಳು ಕೈಗೆ ಬಂದವು. ಹತ್ತರ ನೋಟು ನೀಲಿ, ನೂರರದು ಕೆಂಪು. “ನಮ್ಮ ರೊಕ್ಕ, ಆದ್ರ ಬಣ್ಣ ಬ್ಯಾರೆ” ಎಂದು ದಾದಿ ಅದನ್ನು ಕೊನೆಯವರೆಗೂ ಅಚ್ಚರಿಯಿಂದ ನೆನೆಯುತ್ತಿದ್ದರು.

ಹಡಗು ಹತ್ತಿದ ದಿನ ಜನ ಓಡಿ ಓಡಿ ಗಾಳಿ ಬರುವ ಕಿಂಡಿಯ ಪಕ್ಕ, ಮೆಟ್ಟಿಲ ಬಳಿ ಚಾಪೆ ಹಾಸಿದರಂತೆ. ದಾದಾ ಓಡಲಿಲ್ಲ. ಹಾಲಿನ ಉದ್ದವನ್ನು ಹೆಜ್ಜೆಯಲ್ಲಿ ಅಳೆದು ನಟ್ಟನಡುವಿನ ಜಾಗ ಹಿಡಿದರು. ಮೂಗಿಗೆ ಎಣ್ಣೆ ವಾಸನೆ ಬರದಂತೆ ಇಂಜಿನ್ ಕಡೆಯಿಂದ ತುಸು ಸರಿದು ಕೂತರು. ಟ್ರಂಕುಗಳನ್ನು ಅಂಚಿಗೆ ಗೋಡೆಯಂತೆ ಜೋಡಿಸಿದರು. ಕಂಬದಿಂದ ಕಂಬಕ್ಕೆ ಹಗ್ಗ ಬಿಗಿದು ದುಪ್ಪಟಿ ಇಳಿಬಿಟ್ಟರು. ಬಡೀಮಾ ನಡುವೆ, ಅವರ ಎಡಬಲಕ್ಕೆ ಸೊಸೆಯಂದಿರು, ಹೊರಗಡೆ ಅಣ್ಣತಮ್ಮಂದಿರು. ಹರಿಗೋಲಿನಲ್ಲಿ ಕೂರುವ ಲೆಕ್ಕವೇ ಅದು. ಅಂಬಿಗನ ಮಾತು ಅರಬ್ಬಿ ಸಮುದ್ರದಲ್ಲೂ ನಡೆಯಿತು.

ಹೋಗುವಾಗ ಸಮುದ್ರ ಸಮಾಧಾನವಾಗಿತ್ತು. ಹಡಗು ಇಹ್ರಾಮ್ ತೊಡಲೇಬೇಕಾದ ಗಡಿಯಾದ ಯಲಮ್‌ಲಮ್ ಸಾಲಿಗೆ ಬರುವ ಮೊದಲು ಶಿಳ್ಳೆ ಹಾಕಿತು. ಎಲ್ಲರೂ ಮಿಂದು ಇಹ್ರಾಮ್ ತೊಟ್ಟರು. ಗಂಡಸರಲ್ಲಿ ಕ್ಯಾಬಿನ್ನಿನ ಸಾಹುಕಾರರೂ ಡೆಕ್ಕಿನ ಕೂಲಿಗಳೂ ಹೊಲಿಗೆಯಿಲ್ಲದ ಅದೇ ಎರಡು ಬಿಳಿ ಬಟ್ಟೆಯಲ್ಲಿ ಜಿದ್ದಾ ಬಂದರಿನಲ್ಲಿ ಇಳಿದರು. ಮಕ್ಕಾದಲ್ಲಿ ಹೈದರಾಬಾದಿನ ರುಬಾತ್, ಅಂದರೆ ನಿಜಾಮ ಸಂಸ್ಥಾನದ ಯಾತ್ರಿಕರಿಗೆಂದೇ ಇದ್ದ ಧರ್ಮಛತ್ರ, ನಮ್ಮವರಿಗೆ ಆಸರೆ ಕೊಟ್ಟಿತು. 1956ರಲ್ಲಿ ಸುರಪುರ ಮೈಸೂರು ರಾಜ್ಯಕ್ಕೆ ಸೇರಿದ್ದರೂ ರುಬಾತಿನ ಬಾಗಿಲು ನಮಗೆ ಮುಚ್ಚಲಿಲ್ಲ.

ನಿಜವಾದ ಪರೀಕ್ಷೆ ಎದುರಾದದ್ದು ವಾಪಸು ಬರುವಾಗ. ಹಜ್ ಚಾಂದ್ರಮಾನದ ಯಾತ್ರೆ, ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಸುಮಾರು 33 ವರ್ಷಕ್ಕೆ ಒಂದು ಸುತ್ತು. ಚಳಿಗಾಲಕ್ಕೆ ಬಿದ್ದ ವರ್ಷ ಸಮುದ್ರ ಶಾಂತವಾಗಿರುತ್ತದೆ. 1962ರಲ್ಲಿ ಹಜ್ ಬಿದ್ದದ್ದು ಮೇ ತಿಂಗಳ ನಡುವೆ, ಅಂದರೆ ಮರಳುವ ಹೊತ್ತಿಗೆ ಜೂನ್, ಮುಂಗಾರು. ಮೂರು ದಿನ ಹಡಗು ತೊಟ್ಟಿಲಂತೆ ತೂಗಿತು. ತುದಿಗಳಲ್ಲಿ ಜಾಗ ಹಿಡಿದವರು ತಲೆ ಎತ್ತಲಾರದೆ ಮಲಗಿದ್ದರು. ಮೇಲಿನ ಕ್ಯಾಬಿನ್ನುಗಳಲ್ಲಿ ತೂಗಾಟ ಇನ್ನೂ ಹೆಚ್ಚು, ಅಲ್ಲಿನವರೂ ಗೋಡೆ ಹಿಡಿದು ಕೆಳಗಿಳಿದು ಬಂದರಂತೆ. ನಮ್ಮವರಿಗೂ ವಾಂತಿ ತಪ್ಪಲಿಲ್ಲ. ಆದರೆ ಬಡೀಮಾ ಎರಡು ಕಡೆಯ ಸೊಸೆಯರ ಕೈ ಹಿಡಿದುಕೊಂಡೇ ಆ ಮೂರು ರಾತ್ರಿ ಕಳೆದರು. ಮುಚ್ಚಳಕ್ಕೆ ಬೆಸುಗೆ ಹಾಕಿಸಿದ ಝಮ್‌ಝಮ್ ಪವಿತ್ರ ನೀರಿನ ಡಬ್ಬಿಯನ್ನು ಚಿಕ್ಕ ದಾದಾ ಕಾಲಸಂದಿಯಲ್ಲಿ ಒತ್ತಿ ಹಿಡಿದಿದ್ದರು. ಒಂದು ಹನಿಯೂ ಚೆಲ್ಲಲಿಲ್ಲ.

ಬಡೀಮಾ ಊರು ಮುಟ್ಟಿದರು. ಆಮೇಲೆ ನಾಲ್ಕು ವರ್ಷ ಬದುಕಿದರು. ಟ್ರಂಕಿನ ತಳದಲ್ಲಿದ್ದ ಅದೇ ಕಫನ್ ಸುರಪುರದ ಮಣ್ಣಿನಲ್ಲಿ ಅವರ ಮೈಗಾಯಿತು.

ಮುಂದಿನ ಹಡಗುಗಳಲ್ಲಿ ಡೆಕ್ಕಿನ ಚಾಪೆ ಹೋಗಿ ಬಂಕ್ ಬಂದವು. ವಿಮಾನ ಹೆಚ್ಚಾದಂತೆ ಹಡಗುಗಳು ಕಡಿಮೆಯಾದವು. ಮೊಗಲ್ ಲೈನ್ 1986ರಲ್ಲಿ ಶಿಪ್ಪಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾದೊಳಗೆ ವಿಲೀನವಾಯಿತು. 1995ರಲ್ಲಿ ‘ಅಕ್ಬರಿ’ ಹಡಗಿನೊಂದಿಗೆ ಮುಂಬೈ–ಜಿದ್ದಾ ಸಮುದ್ರಯಾನವೇ ನಿಂತಿತು. ಇವತ್ತು ಕೆಲವೇ ಗಂಟೆಯ ಪ್ರಯಾಣ. ಸೀಟಿನ ನಂಬರು ಟಿಕೇಟಿನ ಮೇಲೇ ಇರುತ್ತದೆ. ಆ ಅನುಕೂಲ ಒಳ್ಳೆಯದೇ, ಮುದುಕರ ಪ್ರಾಣ ಉಳಿಸಿದೆ. ಆದರೆ ಮನೆಮಂದಿಯೆಲ್ಲ ಕೂತು, ಯಾರು ಯಾರ ಪಕ್ಕ ಇರಬೇಕೆಂದು ಮಾತಾಡಿ ತೀರ್ಮಾನ ಮಾಡುವ ಆ ಹೊತ್ತು ನಮ್ಮ ಮನೆಗಳಿಂದ ಹೋಯಿತು. ಅದರ ಜೊತೆ ಒಂದು ಚರಿತ್ರೆಯೂ ಹೋಗುತ್ತಿದೆ.

ನಮ್ಮ ಟ್ರಂಕಿನ ಮೇಲೆ ದಾದಾರ ಹೆಸರು, ಸುರಪುರ, ಜಿಲ್ಲಾ ಗುಲಬರ್ಗಾ ಎಂದು ಬಿಳಿ ಬಣ್ಣದಲ್ಲಿ ಬರೆದದ್ದು ಇನ್ನೂ ಓದಲು ಬರುತ್ತದೆ. ಸುರಪುರ, ಶಹಾಪುರ, ಯಾದಗಿರಿಯ ಅಟ್ಟಗಳ ಮೇಲೆ ಇಂಥ ಟ್ರಂಕುಗಳು, ಹಜ್ ಪಾಸುಗಳು, ಲಸಿಕೆಯ ಚೀಟಿಗಳು ಇನ್ನೂ ಇರಬಹುದು. ದಯವಿಟ್ಟು ಅವನ್ನು ರದ್ದಿಗೆ ಹಾಕಬೇಡಿ. ಹಡಗಿನಲ್ಲಿ ಹೋಗಿ ಬಂದ ಹಿರಿಯರು ನಿಮ್ಮ ಓಣಿಯಲ್ಲಿ ಇದ್ದರೆ ಈ ವಾರವೇ ಅವರ ಬಳಿ ಕೂತು, ನಿಮ್ಮ ಪಕ್ಕ ಯಾರು ಮಲಗಿದ್ದರು ಎಂದು ಕೇಳಿ, ಬರೆದಿಟ್ಟುಕೊಳ್ಳಿ.