ರೋಲ್‌ನಲ್ಲಿ ಬೆರಳು ಕಾಣ್ತಿರಲಿಲ್ಲ: ಪಿಯಾನೋ ಕಲಿಯೋಕೆ ಗುರು ಬೇಕಾ?

ಇವತ್ತಿನ ಎಪಿಸೋಡ್ ಶುರು ಮಾಡೋಕೆ ಮುಂಚೆ ಒಂದು ವಿಷಯ ಒಪ್ಪಿಕೊಂಡುಬಿಡ್ತೀನಿ. 8 ತಿಂಗಳಿಂದ ನಾನು ಮನೆಯಲ್ಲಿ ಕೀಬೋರ್ಡ್ ಕಲೀತಾ ಇದ್ದೀನಿ. ಗುರು ಯಾರೂ ಇಲ್ಲ, ಮೊಬೈಲ್ ಆ್ಯಪ್ ಅಷ್ಟೇ. ಸ್ಕ್ರೀನ್ ಮೇಲಿಂದ ಬಣ್ಣದ ಪಟ್ಟಿಗಳು ಇಳಿದು ಬರ್ತವೆ, ಯಾವ ಕೀ ಮೇಲೆ ಬೀಳುತ್ತೋ ಅದನ್ನ ಒತ್ತಬೇಕು. ಹಾಗೇ ಮೂರು ಹಾಡು ಕಲಿತೆ. ಹೋದ ತಿಂಗಳು ಗೆಳೆಯನ ಮನೆಯಲ್ಲಿ ಒಬ್ಬರು ಪಿಯಾನೋ ಟೀಚರ್ ಸಿಕ್ಕಿದ್ರು. ಜಂಬದಿಂದ ನುಡಿಸಿ ತೋರಿಸಿದೆ. ಪೂರ್ತಿ ಕೇಳಿ ಅವರು ಹೇಳಿದ್ದು ಇಷ್ಟೇ: "ಸ್ವರ ಎಲ್ಲಾ ಸರಿ ಇದೆಯಪ್ಪಾ. ಬೆರಳೇ ಸರಿ ಇಲ್ಲ. ಮೊದಲಿಂದ ಶುರು ಮಾಡಬೇಕು."

8 ತಿಂಗಳು ನೀರಲ್ಲಿ ಹೋಮ ಮಾಡಿದ ಹಾಗಾಯ್ತು. ಆ ಸಿಟ್ಟಿನಲ್ಲಿ, ಸ್ವಂತ ಕಲಿತು ದೊಡ್ಡವರಾದವರ ಕಥೆ ಹುಡುಕೋಕೆ ಕೂತೆ. ಸಿಕ್ಕಿದ್ದು ಬೇರೇನೇ.

ಮೊದಲನೆಯದಾಗಿ, ಈ ಆ್ಯಪ್‌ನ ಐಡಿಯಾ ಹೊಸದೇನಲ್ಲ. 1900ರ ಆಸುಪಾಸಿನಲ್ಲೇ ಅಮೆರಿಕದಲ್ಲಿ ತಾನಾಗಿ ನುಡಿಯುವ ಪಿಯಾನೋ ಬಂದಿತ್ತು. ಅದರ ಹೆಸರು ಪ್ಲೇಯರ್ ಪಿಯಾನೋ. ಒಳಗೆ ತೂತು ಕೊರೆದ ಕಾಗದದ ಸುರುಳಿ, ಅಂದ್ರೆ ರೋಲ್. ಕಾಲಿನಲ್ಲಿ ಪೆಡಲ್ ತುಳಿದರೆ ಗಾಳಿಯ ಒತ್ತಡದಿಂದ ಯಂತ್ರ ಓಡುತ್ತೆ, ತೂತು ಬಂದ ಕಡೆ ಆ ಸ್ವರದ ಕೀ ತಾನೇ ಕೆಳಗಿಳಿಯುತ್ತೆ. ದೊಡ್ಡ ಕಲಾವಿದರು ನುಡಿಸಿದ ರೋಲ್ ಅಂಗಡಿಯಲ್ಲಿ ಸಿಗ್ತಿತ್ತು. 1920ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ತಯಾರಾದ ಪಿಯಾನೋಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಇಂಥವೇ.

ಈಗ ವಾಷಿಂಗ್ಟನ್ ನಗರದ ಒಬ್ಬ ಹುಡುಗನನ್ನ ನೋಡೋಣ. 1899ರಲ್ಲಿ ಹುಟ್ಟಿದವನು. ಚಿಕ್ಕವನಿದ್ದಾಗ ಮನೆಯವರು ಪಿಯಾನೋ ಪಾಠಕ್ಕೆ ಹಾಕಿದ್ರು. ಇವನಿಗೋ ಬೇಸ್‌ಬಾಲ್ ಹುಚ್ಚು, ಪಾಠಕ್ಕೆ ಚಕ್ಕರ್. ಮುಂದೆ ಸಂಗೀತದ ರುಚಿ ಹತ್ತಿದಾಗ ಒಂದು ರೋಲ್ ಕೈಗೆ ಸಿಕ್ತು. ಅದರಲ್ಲಿದ್ದದ್ದು ಜೇಮ್ಸ್ ಪಿ. ಜಾನ್ಸನ್ ಅವರ 'ಕ್ಯಾರೊಲಿನಾ ಶೌಟ್'. ಹುಡುಗ ರೋಲ್‌ನ ವೇಗ ಕಡಿಮೆ ಮಾಡಿದ, ಇಳಿಯುವ ಕೀಗಳ ಮೇಲೆ ತನ್ನ ಬೆರಳಿಟ್ಟ, ಹಾಗೇ ಇಡೀ ಕೃತಿ ಕಲಿತ. ಅವನೇ ಮುಂದೆ ಜಾಝ್ ಲೋಕದ ದೊರೆ ಅನ್ನಿಸಿಕೊಂಡ ಡ್ಯೂಕ್ ಎಲಿಂಗ್ಟನ್.

ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ 1904ರಲ್ಲಿ ಹುಟ್ಟಿದ ಫ್ಯಾಟ್ಸ್ ವಾಲರ್ ಕೂಡ ಅದೇ ಕೃತಿಯನ್ನ ಹಾಗೇ ಕಲಿತವನು. "ನೋಡಿ, ಗುರು ಬೇಡವೇ ಬೇಡ" ಅಂತ ಇಲ್ಲಿಗೇ ಎಪಿಸೋಡ್ ಮುಗಿಸಬಹುದಿತ್ತು. ಆದ್ರೆ ರೋಲ್ ನುಡಿಸಿದ ಜಾನ್ಸನ್ ಕಲಿತದ್ದು ಹೇಗೆ?

ಜೇಮ್ಸ್ ಪಿ. ಜಾನ್ಸನ್ ಕಪ್ಪು ಜನಾಂಗದ ಕಲಾವಿದ, ಹುಟ್ಟಿದ್ದು 1894ರಲ್ಲಿ. 1913ರ ಹೊತ್ತಿಗೆ ನ್ಯೂಯಾರ್ಕ್‌ನ ಡಾನ್ಸ್ ಹಾಲ್‌ಗಳಲ್ಲಿ ನುಡಿಸ್ತಾ ಇದ್ರು. ಕುಣಿಯೋಕೆ ಬರ್ತಿದ್ದವರಲ್ಲಿ ತುಂಬಾ ಜನ ಕ್ಯಾರೊಲಿನಾ ಕಡೆಯಿಂದ ವಲಸೆ ಬಂದ ಕೆಲಸಗಾರರು. ಆ ಕುಣಿತದ ತಾಳವೇ ಮುಂದೆ 'ಕ್ಯಾರೊಲಿನಾ ಶೌಟ್' ಆಗಿದ್ದು. ಕಿವಿ ಚೆನ್ನಾಗಿತ್ತು, ಬೇರೆಯವರು ನುಡಿಸೋದನ್ನ ಕೇಳಿ ಹಿಡೀತಿದ್ರು, ಹೆಸರೂ ಬರ್ತಾ ಇತ್ತು. ಆಗ ಗೆಳೆಯನೊಬ್ಬನ ತಾಯಿ, 'ಇಷ್ಟು ಪ್ರತಿಭೆ ಇಟ್ಕೊಂಡು ಸಂಗೀತದ ಶಾಸ್ತ್ರ ಗೊತ್ತಿಲ್ಲದೆ ಇರಬಾರದು' ಅಂತ ಬುದ್ಧಿ ಹೇಳಿದ್ರು. ಆ ತಾಯಿ ಬ್ರೂಟೊ ಜಾನಿನಿ ಅನ್ನೋ ಮೇಷ್ಟ್ರ ಮನೆ ಕ್ಲೀನ್ ಮಾಡಿ, ಆ ಕೆಲಸಕ್ಕೆ ಬದಲಾಗಿ ಪಾಠ ಹೇಳಿಸಿಕೊಳ್ತಿದ್ದವರು. ಜಾನ್ಸನ್ ಅದೇ ಮೇಷ್ಟ್ರ ಹತ್ತಿರ ಹೋದ್ರು.

ಅಲ್ಲಿ ಆಗಿದ್ದೇನು? ತಾನು ರೂಢಿ ಮಾಡಿಕೊಂಡಿದ್ದ ಬೆರಳುಗಾರಿಕೆಯನ್ನೆಲ್ಲ ಬಿಸಾಕಿ, ಯಾವ ಸ್ವರಕ್ಕೆ ಯಾವ ಬೆರಳು ಅಂತ ಹೊಸದಾಗಿ ಕಲೀಬೇಕಾಯ್ತು ಅಂತ ಜಾನ್ಸನ್ ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಅಭ್ಯಾಸದ ಪಾಠಗಳು ಬೋರ್ ಹೊಡೀತಿದ್ದವು ಅಂತಾನೂ ಹೇಳಿದ್ದಾರೆ. ಆದ್ರೂ ಕಲಿತರು. ಇದನ್ನ ಓದಿದಾಗ ನನ್ನ ಸಿಟ್ಟು ಅರ್ಧ ಇಳೀತು. ಡಾನ್ಸ್ ಹಾಲ್‌ನಲ್ಲಿ ದುಡಿದು ತಿನ್ನುತ್ತಿದ್ದ ಕಲಾವಿದರೇ ಮೊದಲಿಂದ ಶುರು ಮಾಡಿದ್ರು ಅಂದ್ರೆ, ಮೂರು ಹಾಡಿನ ನನ್ನದೇನು?

ಜಾನ್ಸನ್ ಅವರ 'ಕ್ಯಾರೊಲಿನಾ ಶೌಟ್' ರೋಲ್‌ಗಳು ಬಂದಿದ್ದು ಆಮೇಲೆ, 1918ರಲ್ಲಿ ಒಮ್ಮೆ, 1921ರಲ್ಲಿ ಮತ್ತೊಮ್ಮೆ. ರೋಲ್ ಯಾವ ಕೀ ಕೆಳಗಿಳೀತು ಅಂತ ತೋರಿಸುತ್ತೆ. ಯಾವ ಬೆರಳು ಇಳಿಸ್ತು ಅಂತ ತೋರಿಸಲ್ಲ. ನಿಮ್ಮ ಕೈ ನೋಡೋಕೆ ಅದಕ್ಕೆ ಕಣ್ಣೂ ಇಲ್ಲ.

ವಾಲರ್ ಕಥೆಯಲ್ಲಿ ಇದು ಇನ್ನೂ ಸ್ಪಷ್ಟ. 1920ರಲ್ಲಿ ಅವನ ತಾಯಿ ತೀರಿಕೊಂಡರು. ಆ ಹೊತ್ತಿಗೆ ಅವನು ಥಿಯೇಟರಿನಲ್ಲಿ ಆರ್ಗನ್ ನುಡಿಸ್ತಾ ಇದ್ದ. ಅದನ್ನ ಕೇಳಿದ ಜಾನ್ಸನ್, ಈ ಹುಡುಗನಿಗೆ ನಾನು ಕಲಿಸಬಲ್ಲೆ ಅಂತ ಮನೆಗೆ ಬಂದು ಹೆಂಡತಿಗೆ ಹೇಳಿದ್ರು. ಆಮೇಲೆ ವಾಲರ್ ದಿನಾ ಹಾಜರ್, ಬೆಳಗಿನ ಜಾವದವರೆಗೂ ಪಿಯಾನೋ ಕುಟ್ಟಾಟ. 'ನಿನಗೆ ಮನೆ ಇಲ್ವೇನಪ್ಪಾ, ಹೋಗು' ಅಂತ ಆಕೆ ಗದರ್ತಿದ್ರಂತೆ. ಅವನ ಕೊರತೆ ಏನಿತ್ತು ಅಂತಲೂ ಆಕೆಯೇ ಹೇಳಿದ್ದಾರೆ: ಎಡಗೈ. ಆರ್ಗನ್‌ನಲ್ಲಿ ಕೆಳಗಿನ ಸ್ವರಗಳನ್ನ ಕಾಲು ನೋಡಿಕೊಳ್ಳುತ್ತೆ, ಎಡಗೈ ಪಳಗಲ್ಲ. ಹಾರ್ಲೆಮ್ ಶೈಲಿಗೆ ಎಡಗೈಯೇ ಜೀವಾಳ. ಅದನ್ನ ಗುರುತಿಸಿ ತಿದ್ದಿದ್ದು ಮನುಷ್ಯ, ಯಂತ್ರವಲ್ಲ.

ಎಲಿಂಗ್ಟನ್? 1921ರಲ್ಲಿ ಜಾನ್ಸನ್ ವಾಷಿಂಗ್ಟನ್‌ಗೆ ಬಂದಾಗ ಗೆಳೆಯರು ಇವನನ್ನ ಸ್ಟೇಜ್‌ಗೆ ತಳ್ಳಿದ್ರು. ಅವರ ಕೃತಿಯನ್ನ ಅವರ ಮುಂದೇನೇ ನುಡಿಸಿದ. ಆ ರಾತ್ರಿಯೆಲ್ಲಾ ಪಿಯಾನೋಗೆ ಒರಗಿ ನಿಂತು ಅವರು ನುಡಿಸೋದನ್ನ ಗಮನಿಸಿದ. ಇದಲ್ಲದೆ ಊರಿನ ಹೈಸ್ಕೂಲ್ ಸಂಗೀತ ಶಿಕ್ಷಕ ಹೆನ್ರಿ ಗ್ರಾಂಟ್ ಅವರ ಹತ್ತಿರ ಹಾರ್ಮೊನಿ ಪಾಠವನ್ನೂ ಹೇಳಿಸಿಕೊಂಡ.

ಸರಪಳಿ ಅಲ್ಲಿಗೆ ನಿಲ್ಲಲ್ಲ. ವಾಲರ್ ಲಿಂಕನ್ ಥಿಯೇಟರ್‌ನಲ್ಲಿ ಆರ್ಗನ್ ನುಡಿಸುವಾಗ ಒಬ್ಬ ಯುವಕ ದಿನಾ ಹಿಂದೆ ಬಂದು ಕೂರ್ತಿದ್ದ. ವಾಲರ್ ಕರೆದು ಹತ್ತಿರ ಕೂರಿಸಿಕೊಂಡ. ಯುವಕ ನೆಲದ ಮೇಲೆ ಕೂತು, ವಾಲರ್ ಕಾಲಾಡಿಸೋದನ್ನ ನೋಡ್ತಾ, ಪೆಡಲ್‌ಗಳನ್ನ ಕೈಯಲ್ಲಿ ಒತ್ತಿ ಕಲಿತ. ಅವನೇ ಕೌಂಟ್ ಬೇಸಿ. ಜಾನಿನಿ, ಜಾನ್ಸನ್, ವಾಲರ್, ಬೇಸಿ: ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಗುರುಪರಂಪರೆ.

ಹಾಗಂತ ರೋಲ್ ದಂಡ ಅಲ್ಲ. ಆ ಹುಡುಗರನ್ನ ಗುರುವಿನ ಬಾಗಿಲವರೆಗೆ ಕರ್ಕೊಂಡು ಹೋಗಿದ್ದು ಅದೇ ಅಭ್ಯಾಸ. ಏನೂ ಬರದವನಾಗಿದ್ರೆ ಎಲಿಂಗ್ಟನ್ ಆ ರಾತ್ರಿ ಏನು ನುಡಿಸ್ತಿದ್ದ?

ನಾನು ಬಿ.ಕಾಂ. ಓದಿದವನು. ಹೋದ ಖರ್ಚನ್ನ ಮುಂದಿನ ಲೆಕ್ಕಕ್ಕೆ ಎಳೀಬಾರದು ಅಂತ ನಮಗೆ ಕಲಿಸಿದ್ರು. ಆ 8 ತಿಂಗಳ ಆಸೆಗೆ ತಪ್ಪು ಬೆರಳನ್ನೇ ಇಟ್ಕೊಂಡ್ರೆ ನಷ್ಟ ಬೆಳೀತಾ ಹೋಗುತ್ತೆ. ಈ ಶನಿವಾರ ಆ ಟೀಚರ್ ಹತ್ತಿರ ಮೊದಲ ಕ್ಲಾಸ್. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿಲ್ಲ, ಅದೂ ಇರಲಿ.

ನೀವು ಏನನ್ನ ಸ್ವಂತ ಕಲಿತ್ರಿ, ಎಲ್ಲಿ ಸಿಕ್ಕಿಹಾಕಿಕೊಂಡ್ರಿ? ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.