ಹಿಂದಿರುಗುವ ಗಾಳಿಗೊಂದು ಬಾಗಿಲು: ರಿಟರ್ನ್ ಗ್ರಿಲ್ಲಿನ ಕಥೆ



ಹವಾನಿಯಂತ್ರಿತ ಚಿತ್ರಮಂದಿರದಲ್ಲೋ ಬ್ಯಾಂಕಿನಲ್ಲೋ ಕುಳಿತಾಗ, ತಂಪು ಗಾಳಿ ಎಲ್ಲಿಂದ ಬರುತ್ತಿದೆ ಎಂದು ನೀವು ತಲೆಯೆತ್ತಿ ನೋಡಿರಬಹುದು. ಬಂದ ಗಾಳಿ ಎಲ್ಲಿಗೆ ಹೋಗುತ್ತದೆ ಎಂದು ಎಂದಾದರೂ ಕೇಳಿಕೊಂಡಿದ್ದೀರಾ? ಸುತ್ತ ಕಣ್ಣಾಡಿಸಿದರೆ ಗೋಡೆಯಲ್ಲೋ ಚಾವಣಿಯಲ್ಲೋ ಇನ್ನೊಂದು ಜಾಲರಿ ಕಾಣುತ್ತದೆ. ಅದರಿಂದ ಗಾಳಿ ಬೀಸುವುದಿಲ್ಲ. ಅದು ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ತೆಳುವಾದ ಕಾಗದವೊಂದನ್ನು ಹತ್ತಿರ ಹಿಡಿದರೆ ಜಾಲರಿಗೆ ಅಂಟಿಕೊಳ್ಳುತ್ತದೆ. ಇದರ ಹೆಸರು ರಿಟರ್ನ್ ಗ್ರಿಲ್.

ಅಮೆರಿಕದಲ್ಲಿ ಸಾಮಾನ್ಯ ಮನೆಗಳಲ್ಲೂ ಇಂಥ ಗ್ರಿಲ್ ಇರುತ್ತದೆ. ತುಕ್ಕು ಹಿಡಿದಾಗ ಅಥವಾ ಸೊಟ್ಟಗಾದಾಗ ಮನೆಯವರೇ ಸ್ಕ್ರೂಡ್ರೈವರ್ ಹಿಡಿದು ಅದನ್ನು ಬದಲಿಸಿಕೊಳ್ಳುತ್ತಾರೆ. ಆ ಕೆಲಸ ಹೇಗೆಂಬುದನ್ನು ಮುಂದೆ ನೋಡೋಣ. ಮೊದಲು ಈ ಜಾಲರಿ ಮನೆಯೊಳಗೆ ಬಂದ ಬಗೆಯನ್ನು ತಿಳಿಯೋಣ. ಏಕೆಂದರೆ ಅದರ ಹಿಂದೆ ಉಳಿತಾಯಕ್ಕೂ ಆರೋಗ್ಯಕ್ಕೂ ನಡುವಣ ಒಂದು ಹಳೆಯ ಜಗಳವಿದೆ.

ಕಲ್ಲಿದ್ದಲಿನ ಲೆಕ್ಕ

ಈ ಗ್ರಿಲ್ ಹುಟ್ಟಿದ್ದು ತಂಪಿಗಾಗಿ ಅಲ್ಲ, ಬಿಸಿಗಾಗಿ. 19ನೆಯ ಶತಮಾನದಲ್ಲಿ ಅಮೆರಿಕದ ಚಳಿ ಪ್ರದೇಶಗಳ ಅನೇಕ ಮನೆಗಳ ನೆಲಮಾಳಿಗೆಯಲ್ಲಿ ಕಲ್ಲಿದ್ದಲಿನ ಕುಲುಮೆ ಉರಿಯುತ್ತಿತ್ತು. ಆಗ ವಿದ್ಯುತ್ ಫ್ಯಾನ್ ಇರಲಿಲ್ಲ. ಬಿಸಿಯಾದ ಗಾಳಿ ಹಗುರವಾಗಿ ಕೊಳವೆಗಳ ಮೂಲಕ ಕೋಣೆಗಳಿಗೆ ಏರುತ್ತಿತ್ತು. ಕೋಣೆಯಲ್ಲಿ ತಣ್ಣಗಾದ ಗಾಳಿ ಭಾರವಾಗಿ ಕೆಳಗಿಳಿಯುತ್ತಿತ್ತು. ಅದು ಮತ್ತೆ ಕುಲುಮೆಗೆ ಇಳಿಯಲೆಂದು ನೆಲದಲ್ಲಿ ದೊಡ್ಡದಾದ ಎರಕದ ಕಬ್ಬಿಣದ ಜಾಲರಿಯನ್ನು ಕೂರಿಸುತ್ತಿದ್ದರು.

ಕುಲುಮೆಗೆ ಹೊರಗಿನ ಗಾಳಿಯನ್ನೇ ಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೊಡಬಹುದಿತ್ತು, ಕೊಟ್ಟವರೂ ಇದ್ದರು. ಆದರೆ ಹಿಮ ಸುರಿಯುವಾಗ ಹೊರಗಿನ ಗಾಳಿಯನ್ನು ಕಾಯಿಸಲು ಕಲ್ಲಿದ್ದಲು ಬಹಳ ಬೇಕು. ಕೋಣೆಯ ಗಾಳಿ ಈಗಾಗಲೇ ಅರೆಬಿಸಿಯಾಗಿರುತ್ತದೆ. ಅದನ್ನು ಮತ್ತೆ ಕಾಯಿಸುವುದು ಅಗ್ಗ. ಈ ಸರಳ ಲೆಕ್ಕವೇ ರಿಟರ್ನ್ ಗ್ರಿಲ್ಲಿನ ಮೂಲ.

ಅದೇ ಕಾಲದಲ್ಲಿ ಇನ್ನೊಂದು ಪಕ್ಷದವರು ಎಚ್ಚರಿಕೆ ಕೊಡುತ್ತಿದ್ದರು. ಜರ್ಮನಿಯ ಮ್ಯೂನಿಕ್ ನಗರದ ಆರೋಗ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟ್ಟೆನ್‌ಕೋಫರ್ 1858ರಲ್ಲಿ ಕೋಣೆಯ ಗಾಳಿಯನ್ನು ಅಳೆಯುವ ಒಂದು ಮಾನದಂಡವನ್ನು ಸೂಚಿಸಿದರು. ಗಾಳಿಯಲ್ಲಿ ಕಾರ್ಬನ್ ಡೈ ಆಕ್ಸೈಡ್ ಸಾವಿರದಲ್ಲಿ ಒಂದು ಪಾಲನ್ನು ಮೀರಬಾರದು ಎಂಬುದೇ ಆ ಮಾನದಂಡ. ಅಷ್ಟು ಪ್ರಮಾಣದಲ್ಲಿ ಆ ಅನಿಲ ವಿಷವಲ್ಲ. ಆದರೆ ಮನುಷ್ಯರು ಉಸಿರಾಡಿ ಬಿಟ್ಟ ಗಾಳಿ ಕೋಣೆಯಲ್ಲಿ ಎಷ್ಟು ಸೇರಿದೆ ಎಂಬುದಕ್ಕೆ ಅದು ಗುರುತು. 1869ರಲ್ಲಿ ಕ್ಯಾಥರೀನ್ ಬೀಚರ್ ಮತ್ತು ಹ್ಯಾರಿಯೆಟ್ ಬೀಚರ್ ಸ್ಟೋವ್ ಎಂಬ ಅಕ್ಕತಂಗಿಯರು ಅಮೆರಿಕದ ಗೃಹಿಣಿಯರಿಗಾಗಿ ಬರೆದ ಪುಸ್ತಕದಲ್ಲಿಯೂ ಮುಚ್ಚಿದ ಕೋಣೆಯ ಕೆಟ್ಟ ಗಾಳಿಯ ಬಗ್ಗೆ ಎಚ್ಚರಿಸಿದ್ದಾರೆ. ಹೀಗೆ ಒಂದು ಕಡೆ ಕಲ್ಲಿದ್ದಲಿನ ಲೆಕ್ಕ, ಇನ್ನೊಂದು ಕಡೆ ಉಸಿರಿನ ಲೆಕ್ಕ ನಿಂತಿದ್ದವು.

ಮುದ್ರಣಾಲಯದಿಂದ ಚಿತ್ರಮಂದಿರಕ್ಕೆ

1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ ವಿಚಿತ್ರ ತೊಂದರೆ ಎದುರಾಗಿತ್ತು. ಗಾಳಿಯ ತೇವ ಹೆಚ್ಚಿದಾಗ ಕಾಗದ ಹಿಗ್ಗುತ್ತಿತ್ತು, ಕಡಿಮೆಯಾದಾಗ ಕುಗ್ಗುತ್ತಿತ್ತು. ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಪಕ್ಕಕ್ಕೆ ಸರಿಯುತ್ತಿದ್ದವು. ಇದಕ್ಕೆ ಪರಿಹಾರ ಹುಡುಕಿದವರು 25 ವರ್ಷದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್. ತಣ್ಣನೆಯ ಸುರುಳಿ ಕೊಳವೆಗಳ ಮೇಲೆ ಗಾಳಿಯನ್ನು ಹಾಯಿಸಿ ಅದರ ತೇವವನ್ನು ಹತೋಟಿಗೆ ತಂದರು. ‘ಏರ್ ಕಂಡೀಷನಿಂಗ್’ ಎಂಬ ಹೆಸರನ್ನು 1906ರಲ್ಲಿ ಬಳಕೆಗೆ ತಂದವರು ಬಟ್ಟೆ ಗಿರಣಿಗಳ ಎಂಜಿನಿಯರ್ ಸ್ಟುವರ್ಟ್ ಕ್ರೇಮರ್. ಆರಂಭದಲ್ಲಿ ತಂಪು ಗಾಳಿಯಿಂದ ಉಪಕಾರವಾದದ್ದು ಕಾಗದಕ್ಕೆ ಮತ್ತು ನೂಲಿಗೆ. ಮನುಷ್ಯರ ಸರದಿ ಬಂದದ್ದು ಆಮೇಲೆ.

ಚಿತ್ರಮಂದಿರಗಳಲ್ಲಿ ಮೊದಮೊದಲು ಬಿಸಿಗಾಳಿಯ ಹಳೆಯ ಏರ್ಪಾಟನ್ನೇ ಬಳಸಿಕೊಂಡು ಆಸನಗಳ ಕೆಳಗಿನಿಂದ ತಂಪು ಗಾಳಿಯನ್ನು ಬಿಟ್ಟರು. ತಂಪು ಗಾಳಿ ಭಾರವಾದದ್ದರಿಂದ ಕೆಳಗೇ ಉಳಿಯಿತು. ಕೆಳಗೆ ಕುಳಿತವರ ಕಾಲು ಮರಗಟ್ಟಿತು, ಬಾಲ್ಕನಿಯಲ್ಲಿದ್ದವರು ಬೆವರಿದರು. 1922ರಲ್ಲಿ ಕ್ಯಾರಿಯರ್ ಕಂಪನಿಯವರು ಲಾಸ್ ಏಂಜಲೀಸ್‌ನ ಮೆಟ್ರೋಪಾಲಿಟನ್ ಚಿತ್ರಮಂದಿರದಲ್ಲಿ ದಿಕ್ಕನ್ನೇ ತಿರುಗಿಸಿದರು. ತಂಪು ಗಾಳಿ ಮೇಲಿನಿಂದ ಇಳಿದು ಬರುವಂತೆ, ಹಿಂದಿರುಗುವ ಗಾಳಿ ಕೆಳಗಿನಿಂದ ಹೋಗುವಂತೆ ಮಾಡಿದರು. ಹಿಂದಿರುಗಿದ ಗಾಳಿಯಲ್ಲಿ ಒಂದು ಭಾಗವನ್ನು ತಣಿಸದೆಯೇ ತಂಪು ಗಾಳಿಗೆ ಬೆರೆಸಿ ಖರ್ಚನ್ನೂ ಇಳಿಸಿದರು. 1925ರಲ್ಲಿ ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರಕ್ಕೂ ಕ್ಯಾರಿಯರ್ ಯಂತ್ರ ಬಂತು. ಬೇಸಿಗೆಯಲ್ಲಿ ಜನ ಚಿತ್ರಮಂದಿರಕ್ಕೆ ಬರತೊಡಗಿದ್ದರ ಹಿಂದೆ ರಿಟರ್ನ್ ಗ್ರಿಲ್ಲಿನ ಪಾಲೂ ಇದೆ.

ಇತ್ತ ಮನೆಗಳಲ್ಲಿ 1930ರ ದಶಕದಿಂದ ಕುಲುಮೆಗಳಿಗೆ ವಿದ್ಯುತ್ ಫ್ಯಾನ್ ಮತ್ತು ಫಿಲ್ಟರ್ ಸೇರಿದವು. ಎರಡನೆಯ ಮಹಾಯುದ್ಧದ ನಂತರ ಕಟ್ಟಿದ ಮನೆಗಳಲ್ಲಿ ಚಳಿಗಾಲದ ಬಿಸಿಗಾಳಿಯ ಡಕ್ಟ್‌ಗಳಲ್ಲೇ ಬೇಸಿಗೆಯ ತಂಪು ಗಾಳಿಯೂ ಹರಿಯತೊಡಗಿತು. ಕಲ್ಲಿದ್ದಲು ಹೋಯಿತು, ಜಾಲರಿ ಉಳಿಯಿತು.

ಉಳಿತಾಯದ ಬೆಲೆ

1973ರ ತೈಲ ಬಿಕ್ಕಟ್ಟಿನ ನಂತರ ಹಳೆಯ ಜಗಳ ಮತ್ತೆ ಎದ್ದಿತು. ಶಕ್ತಿ ಉಳಿಸಲೆಂದು ಕಚೇರಿ ಕಟ್ಟಡಗಳ ಸಂದುಗೊಂದುಗಳನ್ನು ಮುಚ್ಚಿ, ಹೊರಗಾಳಿಯನ್ನು ಕಡಿಮೆ ಮಾಡಿ, ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸಿದರು. ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘ ‘ಆಶ್ರೇ’ 1981ರ ತನ್ನ ಮಾನದಂಡದಲ್ಲಿ ಧೂಮಪಾನವಿಲ್ಲದ ಕಡೆ ಒಬ್ಬರಿಗೆ ನಿಮಿಷಕ್ಕೆ 5 ಘನ ಅಡಿ ಹೊರಗಾಳಿ ಇದ್ದರೂ ಸಾಕೆಂದಿತು. ಮುಚ್ಚಿದ ಕಟ್ಟಡಗಳಲ್ಲಿ ಕೆಲಸ ಮಾಡುವವರಿಂದ ತಲೆನೋವು, ಕಣ್ಣುರಿ, ಆಯಾಸದ ದೂರುಗಳು ಕೇಳಿಬಂದವು. 1989ರಲ್ಲಿ ಅದೇ ಸಂಘ ಕನಿಷ್ಠ ಪ್ರಮಾಣವನ್ನು 15 ಘನ ಅಡಿಗೆ ಏರಿಸಿತು.

ಇದಕ್ಕಿಂತ ಕಠಿಣವಾದ ಪಾಠ 2020ರಲ್ಲಿ ಬಂತು. ಜನವರಿ 24ರಂದು ಚೀನಾದ ಗುವಾಂಗ್‌ಝೌ ನಗರದ ಕಿಟಕಿಯಿಲ್ಲದ ಒಂದು ಹೋಟೆಲಿನಲ್ಲಿ ಅಕ್ಕಪಕ್ಕದ ಮೇಜುಗಳಲ್ಲಿ ಮೂರು ಕುಟುಂಬಗಳು ಊಟಕ್ಕೆ ಕುಳಿತಿದ್ದವು. ಆ ಕುಟುಂಬಗಳ 10 ಮಂದಿಗೆ ಕೋವಿಡ್ ತಗುಲಿದ್ದು ಕಂಡುಬಂತು. ಅಲ್ಲಿನ ಹವಾನಿಯಂತ್ರಕ ಹೊರಗಾಳಿಯನ್ನು ತರುತ್ತಿರಲಿಲ್ಲ. ಅದೇ ಗಾಳಿಯನ್ನು ಆ ಮೇಜುಗಳ ನಡುವೆ ಸುತ್ತಿಸುತ್ತಿತ್ತು. ಪೆಟ್ಟೆನ್‌ಕೋಫರ್ ಅವರ ಎಚ್ಚರಿಕೆಗೆ ಆಗ 162 ವರ್ಷ ಸಂದಿತ್ತು.

ನೀವೇ ಕೂರಿಸುವುದಾದರೆ

ಈಗ ಕೈಕೆಲಸಕ್ಕೆ ಬರೋಣ. ಅಮೆರಿಕದಲ್ಲಿರುವ ನಿಮ್ಮ ಅಕ್ಕನ ಮನೆಯಲ್ಲಿ ಹಳೆಯ ಗ್ರಿಲ್ ಬದಲಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ಮೊದಲು ಯಂತ್ರವನ್ನು ನಿಲ್ಲಿಸಿ. ಫ್ಯಾನ್ ಓಡುತ್ತಿದ್ದರೆ ಗೋಡೆಯ ಪುಡಿಯೆಲ್ಲ ಯಂತ್ರದೊಳಗೆ ಹೋಗುತ್ತದೆ. ಅಂಚಿಗೆ ಬಣ್ಣ ಮೆತ್ತಿಕೊಂಡಿದ್ದರೆ ಚಾಕುವಿನಿಂದ ಗೀರಿ ಬಿಡಿಸಿ, ಸ್ಕ್ರೂಗಳನ್ನು ತೆಗೆದು ಹಳೆಯ ಗ್ರಿಲ್ಲನ್ನು ಇಳಿಸಿ.

ಬಹಳ ಜನ ತಪ್ಪುವುದು ಅಳತೆಯಲ್ಲಿ. ಅವರು ಹಳೆಯ ಗ್ರಿಲ್ಲಿನ ಹೊರ ಅಂಚನ್ನು ಅಳೆದು ಅಂಗಡಿಗೆ ಹೋಗುತ್ತಾರೆ. ಆದರೆ 20ಕ್ಕೆ 20 ಅಂಗುಲ ಎಂದು ಬರೆದಿರುವುದು ಸಾಮಾನ್ಯವಾಗಿ ಗೋಡೆಯ ತೂತಿನ ಅಳತೆ. ಹೊರ ಚೌಕಟ್ಟು ಅದಕ್ಕಿಂತ ದೊಡ್ಡದಾಗಿರುತ್ತದೆ. ಆದ್ದರಿಂದ ಟೇಪು ಹಿಡಿಯಬೇಕಾದದ್ದು ತೂತಿಗೆ. ಗ್ರಿಲ್ಲಿನ ಹಿಂದೆ ಫಿಲ್ಟರ್ ಇರುವ ಏರ್ಪಾಟಾದರೆ ಫಿಲ್ಟರ್ ಕೂರುವ ಚೌಕಟ್ಟಿನದನ್ನೇ ಕೊಳ್ಳಬೇಕು.

ಎರಡನೆಯದು ಗಾಳಿಯ ದಾರಿ. ಹವಾನಿಯಂತ್ರಕದ ಒಂದು ಟನ್ ಎಂದರೆ ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವಷ್ಟು ಶಾಖ. ಒಂದು ಟನ್ನಿಗೆ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಬೇಕೆಂಬುದು ರೂಢಿಯ ಲೆಕ್ಕ. ಮೂರು ಟನ್ನಿನ ಯಂತ್ರಕ್ಕೆ 1,200 ಘನ ಅಡಿ. ಅಂದರೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿರುವಷ್ಟು ಗಾಳಿ ಪ್ರತಿ ನಿಮಿಷವೂ ಹಿಂದಿರುಗಬೇಕು. ಚೆಂದಕ್ಕೆಂದು ಕಿರಿದಾದ ಸಂದುಗಳ ಗ್ರಿಲ್ ಕೂರಿಸಿದರೆ ಅದು ಸಿಳ್ಳೆ ಹೊಡೆಯುತ್ತದೆ. ಗಾಳಿ ಸಾಲದೆ ಒಳಗಿನ ಸುರುಳಿಯ ಮೇಲೆ ಮಂಜುಗಡ್ಡೆ ಕಟ್ಟಬಹುದು. ಗ್ರಿಲ್ಲಿನ ಮುಂದೆ ಸೋಫಾ ಇಟ್ಟರೂ ಇದೇ ಗತಿ.

ಗೋಡೆಯ ಮೇಲ್ಭಾಗದಲ್ಲಿ ಕೂರಿಸುವಾಗ ಗ್ರಿಲ್ಲಿನ ಓರೆ ಪಟ್ಟಿಗಳು ಮೇಲಕ್ಕೂ, ಕೆಳಭಾಗದಲ್ಲಾದರೆ ನೆಲದ ಕಡೆಗೂ ಮುಖ ಮಾಡಿರಲಿ. ಆಗ ಒಳಗಿನ ಕತ್ತಲೆ, ಧೂಳು ಕಣ್ಣಿಗೆ ಬೀಳುವುದಿಲ್ಲ. ಸ್ಕ್ರೂಗಳನ್ನು ಅತಿಯಾಗಿ ಬಿಗಿದರೆ ತಗಡು ಬಾಗುತ್ತದೆ. ಹಳೆಯ ತೂತುಗಳು ಸಡಿಲವಾಗಿದ್ದರೆ ಹೊಸ ಬಿರಟೆ ಹಾಕಿ. ಕೊನೆಗೆ ಯಂತ್ರ ಚಾಲೂ ಮಾಡಿ, ಕಾಗದ ಹಿಡಿದು ನೋಡಿ.

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಸ್ಪ್ಲಿಟ್ ಯಂತ್ರಕ್ಕೆ ಡಕ್ಟ್ ಇಲ್ಲ. ಕೋಣೆಯ ಗಾಳಿ ಯಂತ್ರದ ಮೇಲ್ಭಾಗದಿಂದ ಒಳಹೊಕ್ಕು, ತಣಿದು, ಕೆಳಗಿನಿಂದ ಹೊರಬರುತ್ತದೆ. ಮುಂದಿನ ಮುಚ್ಚಳ ಎತ್ತಿದರೆ ಕಾಣುವ ಬಲೆಯನ್ನು ಆಗಾಗ ತೊಳೆದು ಒಣಗಿಸಿ ಹಾಕಿದರೆ ಗಾಳಿಯ ದಾರಿ ಸಲೀಸಾಗಿರುತ್ತದೆ. ಆದರೆ ಇಂಥ ಯಂತ್ರ ಸಾಮಾನ್ಯವಾಗಿ ಹೊಸ ಗಾಳಿಯನ್ನು ತರುವುದಿಲ್ಲ. ಇದ್ದ ಗಾಳಿಯನ್ನೇ ತಣಿಸುತ್ತದೆ. ಪರೀಕ್ಷೆಯ ದಿನಗಳಲ್ಲಿ ನಾಲ್ಕೈದು ಗೆಳೆಯರು ಬಾಗಿಲು ಮುಚ್ಚಿಕೊಂಡು ಓದುತ್ತಾ ಕುಳಿತಾಗ ಸ್ವಲ್ಪ ಹೊತ್ತಿಗೇ ತೂಕಡಿಕೆ ಬಂದರೆ, ದೋಷ ಪಾಠದ್ದೇ ಆಗಿರಬೇಕೆಂದಿಲ್ಲ. ಎದ್ದು ಕಿಟಕಿಯನ್ನು ಒಮ್ಮೆ ತೆರೆಯಿರಿ. ವಿದ್ಯುತ್ ಸ್ವಲ್ಪ ಹೆಚ್ಚು ಖರ್ಚಾದೀತು. ಆದರೆ ಉಸಿರಿನ ಲೆಕ್ಕವನ್ನೂ ನೋಡಬೇಕಲ್ಲವೇ?